ನೀರು ಕಾಣದ ಕೆರೆ

ಕೆರೆಯ ನೀರು ಹೋದದ್ದು ಒಂದು ಮಂಗಳವಾರ. ಅದಕ್ಕೂ ಮೊದಲು ಹುಲ್ಲು ಹೋಗಿತ್ತು, ಹುಲ್ಲಿಗಿಂತ ಮೊದಲು ನೆರಳು. ಕನ್ನಡಕದಕ್ಕ ದೀಪ ಆರಿಸಿದಂತೆ ಒಂದೊಂದನ್ನೂ ತನ್ನ ಕೈಯಾರೆ ಆರಿಸುತ್ತ ಬಂದಿದ್ದಳು. ಮೌಸ್ ಒತ್ತಿದರೆ ಸಾಕು, ಮರದ ಬುಡದಲ್ಲಿ ಮಲಗಿದ್ದ ನೆರಳು ಎದ್ದು ಎಲ್ಲಿಗೋ ಹೊರಟುಹೋಗುತ್ತಿತ್ತು. ನೀರನ್ನು ಆರಿಸುವಾಗ ಮಾತ್ರ ಎರಡು ಸಲ ಕೈ ಹಿಂದಕ್ಕೆ ತೆಗೆದು, ಮೂರನೆಯ ಸಲ ಒತ್ತಿದಳು. ಅಲೆಯಾಡುತ್ತಿದ್ದ ಕೆರೆ ಕಣ್ಣೆದುರೇ ಬೂದು ಬಣ್ಣದ ಬಯಲಾಗಿ, ಇಸ್ತ್ರಿ ಮಾಡಿದ ಬಟ್ಟೆಯ ಹಾಗೆ ಚಪ್ಪಟೆಯಾಗಿ ಬಿದ್ದುಕೊಂಡಿತು.

ಬೇರೆ ದಾರಿ ಇರಲಿಲ್ಲ. ಅವಳ ಕಂಪ್ಯೂಟರಿನೊಳಗೆ ಕೂತು ಆಟದ ಚಿತ್ರ ಬಿಡಿಸುವ ಗ್ರಾಫಿಕ್ಸ್ ಕಾರ್ಡಿಗೆ ವಯಸ್ಸಾಗಿತ್ತು. ತುಸು ಹೆಚ್ಚು ಕೆಲಸ ಹೇಳಿದರೆ ಅದರ ಫ್ಯಾನು ಗೊರಗೊರ ಎನ್ನುತ್ತಿತ್ತು, ಪರದೆಯ ತುಂಬ ಬಣ್ಣದ ಚೌಕಗಳು ಎದ್ದು ಎಲ್ಲವೂ ನಿಂತುಬಿಡುತ್ತಿತ್ತು. ಅವಳು ಧೂಳು ಊದಿದಳು. ಕನ್ನಡಕ ಒರೆಸುವ ಮೆತ್ತನೆಯ ಬ್ರಷ್ಷಿನಿಂದ ಫ್ಯಾನಿನ ರೆಕ್ಕೆ ತಿಕ್ಕಿದಳು. ಕಂಪ್ಯೂಟರಿನ ಪಕ್ಕದ ತಗಡು ಬಿಚ್ಚಿ, ಎದುರಿಗೆ ಟೇಬಲ್ ಫ್ಯಾನ್ ಇಟ್ಟು ಗಾಳಿ ಹಾಕಿದಳು. ಜ್ವರ ಬಂದ ಮಗುವಿಗೂ ಅಷ್ಟು ಉಪಚಾರ ನಡೆಯುವುದು ಅನುಮಾನ.

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದದ್ದೇ ಕನ್ನಡಕದಕ್ಕ ಎಂದು. ಮೂಲೆಯ ಅಂಗಡಿಯಲ್ಲಿ ಬಂದವರ ಕಣ್ಣು ಪರೀಕ್ಷಿಸಿ, ಗಾಜು ಉಜ್ಜಿ, ಚೌಕಟ್ಟಿಗೆ ಕೂರಿಸುವುದು ಅವಳ ಕೆಲಸ. ನಲವತ್ತು ದಾಟಿದ ಹೆಂಗಸು ಸಂಜೆ ಅಂಗಡಿ ಮುಚ್ಚಿ ಬಂದು ಕಂಪ್ಯೂಟರ್ ಆಟಕ್ಕೆ ಕೂರುತ್ತಾಳೆ ಎಂದು ಮೂಗು ಮುರಿಯುವವರು ಮುರಿಯಲಿ. ಅವಳು ಅಲ್ಲಿಗೆ ಹೋಗುತ್ತಿದ್ದದ್ದು ತಂಗಿಯ ಜೊತೆ ನಡೆಯಲು.

ತಂಗಿಯ ಹೆಸರು ಬೇರೆ ಏನೋ ಇತ್ತು, ಮನೆಯಲ್ಲಿ ಮಾತ್ರ ಅವಳು ಚುಕ್ಕಿ. ಚಿಕ್ಕವಳಿದ್ದಾಗ ತನ್ನ ಬಾಚಣಿಗೆ, ಛತ್ರಿ, ಪೆನ್ಸಿಲ್, ಕೊನೆಗೆ ಹಲ್ಲುಜ್ಜುವ ಬ್ರಷ್ಷಿಗೂ ಗಿಳಿಹಸಿರು ಉಗುರುಬಣ್ಣದ ಒಂದು ಚುಕ್ಕಿ ಇಡುತ್ತಿದ್ದಳು. ಅಕ್ಕ ಲಪಟಾಯಿಸಬಾರದಲ್ಲ, ಅದಕ್ಕೆ. ದೊಡ್ಡವಳಾಗಿ ಅಂಗಡಿಗಳಿಗೆ ಬೋರ್ಡ್ ಬರೆಯುವ ಕೆಲಸ ಹಿಡಿದಳು. ಹೋದ ವರ್ಷ ಏಣಿಯಿಂದ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಅಂದಿನಿಂದ ಎರಡು ಊರಿನಾಚೆ, ಒಂದು ಕೋಣೆಯಲ್ಲಿ, ಒಂದು ಮಂಚದ ಮೇಲೆ ಅವಳ ವಾಸ. ಫೋನ್ ಮಾಡಿದರೆ "ಹೂಂ", "ಇಲ್ಲ", "ನೋವಿದೆ" ಅಷ್ಟೇ. ಆಟದೊಳಗಿನ ಕೆರೆಯ ದಂಡೆಗೆ ಬಂದರೆ ಅದೇ ಚುಕ್ಕಿ ಓಡುತ್ತಿದ್ದಳು, ಗುಡ್ಡ ಹತ್ತುತ್ತಿದ್ದಳು, ಕಿವಿಗೆ ಹಾಕಿಕೊಂಡ ಹೆಡ್‌ಫೋನ್ ಬಿರಿಯುವಂತೆ ನಗುತ್ತಿದ್ದಳು. ಇಬ್ಬರೂ ಸೇರಿ ಅಲ್ಲೊಂದು ಮನೆ ಕಟ್ಟಿದ್ದರು. ಅಂಗಳದ ಮುಂದೆ ಕೆರೆ, ಕೆರೆಯ ಕಂಬಕ್ಕೆ ಕಟ್ಟಿದ ಕೆಂಪು ದೋಣಿ. ಅಕ್ಕನ ಕಾರ್ಡು ಕೈಕೊಟ್ಟರೆ ಆ ಸಂಜೆಗಳು ಮುಗಿದಂತೆಯೇ. ಅದನ್ನು ಚುಕ್ಕಿಗೆ ಹೇಳುವ ಧೈರ್ಯ ಅವಳಿಗಿರಲಿಲ್ಲ.

ಹೊಸ ಕಾರ್ಡು ತರೋಣವೆಂದರೆ ಊರಿನಲ್ಲಿ, ಪಕ್ಕದ ಊರಿನಲ್ಲಿ, ಎಲ್ಲಿಯೂ ಇಲ್ಲ. ಕಾರ್ಖಾನೆಗಳಿಂದ ಬರುತ್ತಿರುವುದೇ ಕಡಿಮೆ, ಬಂದದ್ದನ್ನೂ ಕಂಪ್ಯೂಟರಿನಲ್ಲಿ ಕಣ್ಣಿಗೆ ಕಾಣದ ಡಿಜಿಟಲ್ ನಾಣ್ಯ ಅಗೆಯುವವರು ಮೂಟೆಗಟ್ಟಲೆ ಒಯ್ಯುತ್ತಾರೆ ಎಂದು ಕಂಪ್ಯೂಟರ್ ಅಂಗಡಿಯವನು ಕೈಚೆಲ್ಲಿದ. ಅವನ ಕಪಾಟಿನ ತುಂಬ ಮಾತ್ರ ಬಣ್ಣಬಣ್ಣದ ಡಬ್ಬಿಗಳು, ಒಳಗೆ ಬರೀ ಗಾಳಿ. ಅದಕ್ಕೇ ಅವನಿಗೆ ಡಬ್ಬಿಯಣ್ಣ ಎಂದು ಹೆಸರು.

"ಖಾಲಿ ಡಬ್ಬಿ ಯಾಕೆ ಇಟ್ಕೊಂಡಿದ್ದೀರ?" ಎಂದು ಅವಳು ಕೇಳಿದಳು.

"ಜನ ಬಂದು ನೋಡ್ಕೊಂಡು ಹೋಗ್ತಾರೆ ಅಕ್ಕ. ಅಷ್ಟಾದ್ರೂ ಸಮಾಧಾನ ಆಗ್ಲಿ ಅಂತ," ಎಂದ ಅವನು. "ನೀವು ಒಂದು ಚೀಟಿ ಬರೆದು ಹಾಕಿ."

ಅವನದೊಂದು ಪದ್ಧತಿ ಇತ್ತು. ಕಾರ್ಡು ಬೇಕಾದವರು ಹೆಸರು ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕಬೇಕು. ಅಪರೂಪಕ್ಕೆ ಒಂದು ಕಾರ್ಡು ಬಂತೆಂದರೆ ಶನಿವಾರ ಎಲ್ಲರ ಎದುರು ಚೀಟಿ ಎತ್ತುತ್ತಾನೆ. ಕನ್ನಡಕದಕ್ಕ ಶನಿವಾರಗಳಂದು ಗಿರಾಕಿಗಳನ್ನು ಕಾಯಿಸಿ ಓಡಿಹೋಗಿ ನಿಲ್ಲುತ್ತಿದ್ದಳು. ಯಾರದೋ ಹೆಸರು ಬರುತ್ತಿತ್ತು, ಇವಳು ಮುಖ ಸಣ್ಣದು ಮಾಡಿಕೊಂಡು ಹಿಂದಿರುಗುತ್ತಿದ್ದಳು.

ಅಲ್ಲಿಯವರೆಗೆ ಬೂದು ಲೋಕದಲ್ಲೇ ಕಾಲ ತಳ್ಳಬೇಕಾಯಿತು. ಅದಕ್ಕೂ ಒಂದು ಉಪಾಯ ಕಂಡುಕೊಂಡಳು.

"ಇವತ್ತು ಕೆರೆ ಹೇಗಿದೆಯೇ?" ಎಂದು ಸುಮ್ಮನೆ ಮಾತಿಗೆ ಕೇಳಿದಂತೆ ಕೇಳುವಳು.

ಬೋರ್ಡ್ ಬರೆಯುವವಳ ಕಣ್ಣು, ಕೇಳಬೇಕೆ? "ದಂಡೆ ಹತ್ರ ತಿಳಿ ಹಸಿರು ಅಕ್ಕ, ನಡುವೆ ಮಸಿನೀಲಿ. ಆಚೆ ಗುಡ್ಡ ನೇರಳೆ ಆಗ್ತಿದೆ. ಸೂರ್ಯ ಮುಳುಗೋ ಕಡೆ ಯಾರೋ ಕುಂಚ ತೊಳೆದು ಒದರಿದ ಹಾಗಿದೆ ನೋಡು."

ಕನ್ನಡಕದಕ್ಕ ಬೂದು ಬಯಲನ್ನು ನೋಡುತ್ತ "ಹೌದೇ, ಹೌದು" ಎನ್ನುವಳು. ಹಾಗೆ ಕೇಳುತ್ತ ಕೇಳುತ್ತ ಬೂದಿನ ಮೇಲೆ ನಿಜಕ್ಕೂ ಬಣ್ಣ ಏಳುತ್ತಿತ್ತು. ಅಡುಗೆಮನೆಯಲ್ಲಿ ಅನ್ನಕ್ಕೆ ಇಟ್ಟ ನೀರು ಕುದಿಯುವ ಸದ್ದು, ಕಿವಿಯಲ್ಲಿ ತಂಗಿಯ ಸಣ್ಣ ದನಿ. ಅವಳು ಅರೆನಿದ್ದೆಯಲ್ಲಿ ನಡೆದಂತೆ ನಡೆಯುತ್ತಿದ್ದಳು. ಎಷ್ಟೋ ಸಲ, ಕಾರ್ಡು ಸಿಗದಿದ್ದರೂ ಸರಿ, ಹೀಗೇ ಇರಲಿ ಎನಿಸುತ್ತಿತ್ತು.

ಒಂದು ಸಂಜೆ ಆ ಗುಂಗಿನಲ್ಲೇ ಕೈಯಲ್ಲಿ ಕಂದೀಲು ಹಿಡಿದು ನೆಟ್ಟಗೆ ನಡೆದುಬಿಟ್ಟಳು.

"ಅಕ್ಕಾ! ಎಲ್ಲಿಗೆ?" ಚುಕ್ಕಿ ಕಿರುಚಿದಳು. "ಕೆರೆಗೆ ಇಳೀತಿದ್ದೀಯ! ಕಂದೀಲು ಆರಿಹೋಯ್ತು ನೋಡು!"

"ಗೊತ್ತು, ಗೊತ್ತು. ಸೆಕೆ ಅಂತ ಇಳಿದೆ," ಎಂದಳು ಕನ್ನಡಕದಕ್ಕ.

ಹಿಂದೆ ಆಗಿದ್ದರೆ ಚುಕ್ಕಿ ಹೊಟ್ಟೆ ಹುಣ್ಣಾಗುವಂತೆ ನಗುತ್ತಿದ್ದಳು. ಅವತ್ತು ನಗಲಿಲ್ಲ. "ಕೈ ಹಿಡಿದು ಮೇಲೆ ಬಾ" ಎಂದಷ್ಟೇ ಹೇಳಿದಳು.

ಮುಂದಿನ ಶನಿವಾರ ಡಬ್ಬಿಯಣ್ಣ ಬಿಸ್ಕತ್ತಿನ ಡಬ್ಬ ಕುಲುಕಿದ, ಚೀಟಿ ಎತ್ತಿದ, ಬಿಡಿಸುವ ಮೊದಲೇ "ಕನ್ನಡಕದಕ್ಕ!" ಎಂದು ಕೂಗಿದ. ಆಮೇಲೆ ನೆನಪಾಗಿ ಗಡಿಬಿಡಿಯಿಂದ ಬಿಡಿಸಿದ. ಅವಳಿಗೆ ಆಕಾಶ ಮೂರೇ ಗೇಣು. ಅದನ್ನೆಲ್ಲ ಯಾರು ಗಮನಿಸುತ್ತಾರೆ? ಕಾರ್ಡು ಬಳಸಿದ್ದಂತೆ, ಡಬ್ಬಿ ಇಲ್ಲವಂತೆ, ಗುಳ್ಳೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಕೊಟ್ಟ. ದುಡ್ಡಿಗೆ ಕೈಚೀಲ ತೆರೆದರೆ "ನಿಧಾನಕ್ಕೆ ನೋಡೋಣ ಅಕ್ಕ, ಎಲ್ಲಿ ಓಡಿಹೋಗ್ತೀರ" ಎಂದ. ಒಂದು ಸ್ಕ್ರೂ ಕೂಡ ಪುಕ್ಕಟೆ ಕೊಡದ ಮನುಷ್ಯ.

ಆ ಸಂಜೆ ಕೆರೆ ತುಂಬಿತು. ಮನೆಯ ಬಾಗಿಲು ತೆರೆದು ಅಂಗಳಕ್ಕೆ ಬಂದವಳು ಹಾಗೇ ನಿಂತುಬಿಟ್ಟಳು. ಹುಲ್ಲು ಒಂದೊಂದೇ ಎಳೆಯಾಗಿ ಬಾಗುತ್ತಿತ್ತು. ನೀರಿನಲ್ಲಿ ಗುಡ್ಡ ತಲೆಕೆಳಗಾಗಿ ನಿಂತಿತ್ತು. ಹಳೆಯ ಕಾರ್ಡು ಚೆನ್ನಾಗಿದ್ದ ಕಾಲದಲ್ಲಿಯೂ ಅವಳು ಇಷ್ಟನ್ನು ಕಂಡಿರಲಿಲ್ಲ. ಕಣ್ಣು ತುಂಬಿ ಬಂತು, ನಾಚಿಕೆಯೇನೂ ಆಗಲಿಲ್ಲ.

"ಬಂತಾ ಹೊಸ ಕಾರ್ಡು?" ಚುಕ್ಕಿಯ ದನಿ. "ಹೇಗಿದೆ? ಹೇಳು, ಹೇಳು."

"ಏನು ಹೇಳ್ಲಿ? ನೀನು ಹೇಳಿದ ಹಾಗೇ ಇದೆ ಕಣೆ," ಎಂದಳು ಅಕ್ಕ. ಚುಕ್ಕಿ ತೃಪ್ತಿಯಿಂದ ಉಸಿರುಬಿಟ್ಟದ್ದು ಕೇಳಿಸಿತು.

ಎರಡು ವಾರ ಹೀಗೇ ಸುಖವಾಗಿ ಕಳೆಯಿತು. ಮೂರನೆಯ ವಾರ ಆಟದೊಳಗೆ ಮಂಜು ಬಿದ್ದಿತ್ತು. ಗುಡ್ಡವಿಲ್ಲ, ದಂಡೆಯಿಲ್ಲ, ಎಲ್ಲವೂ ಹಾಲಿನ ಹಾಗೆ ಬಿಳಿ. ಅಕ್ಕ ಬೆರಗಾಗಿ ನೋಡುತ್ತಿದ್ದರೆ ಪಕ್ಕದಲ್ಲಿ ನಿಂತ ಚುಕ್ಕಿ, "ಗುಡ್ಡ ನೇರಳೆ ಆಗ್ತಿದೆ ನೋಡಕ್ಕ" ಎಂದಳು. ಎಲ್ಲಿಯೂ ತಡವರಿಸದೆ, ಸರಾಗವಾಗಿ.

ಕನ್ನಡಕದಕ್ಕನ ಕಿವಿ ನೆಟ್ಟಗಾಯಿತು. ಈ ಸರಾಗ ಅವಳಿಗೆ ಚೆನ್ನಾಗಿ ಗೊತ್ತು. ಕಣ್ಣಿನ ಪರೀಕ್ಷೆಗೆ ಬರುವವರಲ್ಲಿ ಕೆಲವರು ಗೋಡೆಯ ಅಕ್ಷರಗಳನ್ನು ಮೊದಲೇ ಬಾಯಿಪಾಠ ಮಾಡಿಕೊಂಡು ಬರುತ್ತಾರೆ, ಕನ್ನಡಕ ಬಂತೆಂದರೆ ಮರ್ಯಾದೆ ಹೋಯಿತು ಎನ್ನುವಂಥವರು. ನಿಜವಾಗಿ ನೋಡಿ ಓದುವವನು ಕಣ್ಣು ಕಿರಿದು ಮಾಡುತ್ತಾನೆ, ನಿಲ್ಲುತ್ತಾನೆ, ತಪ್ಪುತ್ತಾನೆ. ಬಾಯಿಪಾಠದವನು ನೀರು ಕುಡಿದಂತೆ ಒಪ್ಪಿಸುತ್ತಾನೆ. ಅಂಥವರಿಗೆ ಅವಳು ಬಾಯಲ್ಲಿ ಏನೂ ಹೇಳುವುದಿಲ್ಲ. ಅವರು ಅತ್ತ ತಿರುಗಿದಾಗ ಗೋಡೆಯ ಹಲಗೆಯನ್ನು ಬದಲಿಸಿಬಿಡುತ್ತಾಳೆ.

ಮರುದಿನ ಚುಕ್ಕಿ ಬರುವ ಮೊದಲೇ ಅವಳು ಕಂಬದಿಂದ ದೋಣಿ ಬಿಚ್ಚಿ, ಹುಟ್ಟು ಹಾಕಿಕೊಂಡು ಹೋಗಿ ಗುಡ್ಡದ ಹಿಂದಿನ ಜೊಂಡಿನಲ್ಲಿ ಬಚ್ಚಿಟ್ಟಳು. ಮಂಜು ಹೋಗಿತ್ತು, ಬಿಸಿಲು ಹೊಳೆಯುತ್ತಿತ್ತು. ಆಮೇಲೆ ಅಂಗಳದಲ್ಲಿ ಕೂತು ಕೇಳಿದಳು:

"ಇಲ್ಲಿಂದ ದೋಣಿ ಕಾಣ್ತಿದೆಯೇನೇ?"

"ಕಾಣದೆ ಏನು? ಕಂಬಕ್ಕೆ ಕಟ್ಟಿದೆಯಲ್ಲ. ಕೆಂಪಗೆ, ಮೂತಿ ನೀರಿನ ಕಡೆಗೆ."

ಕನ್ನಡಕದಕ್ಕ ಕುರ್ಚಿಯಿಂದ ಎದ್ದು ನಿಂತಳು. ಏಣಿಯಿಂದ ಬಿದ್ದಾಗ ಚುಕ್ಕಿಯ ತಲೆಗೂ ಪೆಟ್ಟಾಗಿತ್ತು. ಕಣ್ಣು! ತಂಗಿಯ ಕಣ್ಣು ಹೋಗುತ್ತಿದೆ, ಅದನ್ನು ತನ್ನಿಂದ ಮುಚ್ಚಿಡುತ್ತಿದ್ದಾಳೆ. ಊರವರ ಕಣ್ಣು ನೋಡುವ ತಾನು ಒಡಹುಟ್ಟಿದವಳ ಕಣ್ಣು ನೋಡಲಿಲ್ಲವಲ್ಲ ಎಂದು ತನ್ನನ್ನೇ ಬೈದುಕೊಂಡಳು. ಹೆಡ್‌ಫೋನ್ ಕಿತ್ತು ಫೋನ್ ಎತ್ತಿಕೊಂಡಳು.

"ಚುಕ್ಕಿ, ನಿನ್ನ ಮಾತ್ರೆ ಹಾಳೆ ತಗೋ. ಹಿಂದುಗಡೆ ಸಣ್ಣ ಅಕ್ಷರದಲ್ಲಿ ಏನಿದೆ ಓದು."

"ಯಾಕೆ?"

"ಓದು ಅಂದ್ರೆ ಓದೇ!"

ಚುಕ್ಕಿ ಓದಿದಳು. ನಿಂತು, ತಡವರಿಸಿ, ಉದ್ದುದ್ದ ಔಷಧಿಯ ಹೆಸರಿಗೆ ಬೈಯುತ್ತ, ಎಲ್ಲವನ್ನೂ ಸರಿಯಾಗಿ ಓದಿದಳು. ಒಂದು ಕಣ್ಣು ಮುಚ್ಚಿ ಓದಿದಳು, ಇನ್ನೊಂದು ಮುಚ್ಚಿಯೂ ಓದಿದಳು. ಅವಳ ಕಣ್ಣಿಗೆ ಎಳ್ಳಷ್ಟೂ ಏನೂ ಆಗಿರಲಿಲ್ಲ.

ಫೋನ್ ಇಟ್ಟು ಕನ್ನಡಕದಕ್ಕ ದೊಡ್ಡದಾಗಿ ಉಸಿರುಬಿಟ್ಟಳು. ಕಣ್ಣು ಸರಿಯಿದೆ, ದೋಣಿ ಮಾತ್ರ ಕಾಣುವುದಿಲ್ಲ. ಹಾಗಾದರೆ ಕಾಣದಿರುವುದು ತಂಗಿಗಲ್ಲ, ತಂಗಿಯ ಕಂಪ್ಯೂಟರಿಗೆ. ಆಗ ಬಿಡಿಸದ ಚೀಟಿ ನೆನಪಾಯಿತು. ತಾನು ಹೇಳದೆಯೇ ಚುಕ್ಕಿ ಹೊಸ ಕಾರ್ಡಿನ ಬಗ್ಗೆ ಕೇಳಿದ್ದು ನೆನಪಾಯಿತು. ದುಡ್ಡು ಬೇಡವೆಂದ ಡಬ್ಬಿಯಣ್ಣನ ಪೆಚ್ಚು ಮುಖ ನೆನಪಾಯಿತು. ಅವನ ಅಂಗಡಿಯ ಬೋರ್ಡ್ ಬರೆದವಳು ಯಾರೆಂಬುದೂ ನೆನಪಾಯಿತು.

ಕಂಪ್ಯೂಟರ್ ಆರಿಸಿ ಕಾರ್ಡನ್ನು ಹೊರಗೆ ತೆಗೆದಳು. ಗಾಜಿನ ಗೀರು ನೋಡುವ ಭೂತಗನ್ನಡಿಯನ್ನು ಕಣ್ಣಿಗೆ ಹಿಡಿದು ಅಂಚಿನುದ್ದಕ್ಕೂ ಹುಡುಕಿದಳು. ಸ್ಕ್ರೂ ಕೂರುವ ತಗಡಿನ ಮೂಲೆಯಲ್ಲಿ ಯಾರೋ ಬ್ಲೇಡಿನಿಂದ ಕೆರೆದ ಗುರುತಿತ್ತು. ಬೇರೆಯವರಿಗಾದರೆ ಅದು ಬರೀ ಗೀರು. ಗೀರಿನ ನಡುವೆ ಸಾಸಿವೆಗಿಂತ ಸಣ್ಣದಾಗಿ ಗಿಳಿಹಸಿರು ಉಳಿದುಕೊಂಡಿತ್ತು.

ಅವಳು ಮತ್ತೆ ಫೋನ್ ಮಾಡಿದಳು. "ನಿನ್ನ ಕಾರ್ಡು ಎಲ್ಲಿದೆಯೇ ಕತ್ತೆ?"

ಸಣ್ಣ ದನಿಯಲ್ಲಿ, "ಪೂರ್ತಿ ಕೆರೆದು ತೆಗೀರಿ ಅಂತ ಇವರಿಗೆ ಹೇಳಿದ್ದೆ" ಎಂದಳು ಚುಕ್ಕಿ. ಇವರು ಎಂದರೆ ಅವಳ ಗಂಡ. ಬಸ್ ಓಡಿಸುವವನು. ಕಾರ್ಡನ್ನು ಬಿಚ್ಚಿ ಸೀಟಿನ ಹಿಂದೆ ಇಟ್ಟುಕೊಂಡು ಬಂದು ಡಬ್ಬಿಯಣ್ಣನ ಕೈಗೆ ಮುಟ್ಟಿಸಿದ್ದು ಅವನೇ.

"ಮತ್ತೆ ನಿನಗೆ?"

"ಕಂಪ್ಯೂಟರಿನಲ್ಲೇ ಚಿತ್ರ ಬಿಡಿಸೋ ಒಂದು ಪುಟಾಣಿ ಚಿಪ್ಪು ಇರುತ್ತೆ, ಅದು ಹೇಗೋ ನಡೆಸುತ್ತೆ. ಮನೆ ಗೋಡೆ ಕಾಣುತ್ತೆ, ನೀನು ಕಾಣ್ತೀಯ. ದೂರದ್ದೆಲ್ಲ ಬೂದು. ಪರವಾಗಿಲ್ಲ, ನನಗೆ ಎಲ್ಲ ಬಾಯಿಗೆ ಬರುತ್ತಲ್ಲ."

"ನೀನು ಓಡಾಡೋ ಜಾಗ ಅದೊಂದೇ ಚುಕ್ಕಿ! ಅದನ್ನೂ ಬಿಚ್ಚಿ ಕೊಟ್ಟುಬಿಟ್ಟೆಯಲ್ಲೇ!" ಸಿಟ್ಟು ಯಾವುದು, ಅಳು ಯಾವುದು ಅಕ್ಕನಿಗೇ ತಿಳಿಯಲಿಲ್ಲ.

"ನೀನು ಕೆರೆಗೆ ಇಳಿದೆಯಲ್ಲ, ಆವತ್ತು ಗೊತ್ತಾಯ್ತು. ನಿನ್ನ ಕಾರ್ಡು ಸತ್ತರೆ ನೀನು ಬರಲ್ಲ," ಎಂದಳು ಚುಕ್ಕಿ. "ಕೆರೆ ಕಾಣದಿದ್ರೆ ಹೋಗ್ಲಿ ಅಕ್ಕ. ನೀನು ಬರದಿದ್ರೆ ನಾನು ಅಲ್ಲಿ ಯಾರ ಜೊತೆ ನಡೀಲಿ?"

ಕನ್ನಡಕದಕ್ಕ ಕಾರ್ಡನ್ನು ಮಡಿಲಲ್ಲಿಟ್ಟುಕೊಂಡು ಆ ಹಸಿರನ್ನು ಬೆರಳ ತುದಿಯಿಂದ ಸವರಿದಳು.

ಮರುದಿನ ಅವಳು ಬಳೆ ಅಂಗಡಿಗೆ ಹೋಗಿ, ಜನ್ಮದಲ್ಲಿ ಮೊದಲ ಸಲ ಉಗುರುಬಣ್ಣ ಕೊಂಡಳು. ದೋಣಿಯಂಥ ಕೆಂಪು. ಕೆರೆದುಹೋದ ಹಸಿರಿನ ಪಕ್ಕದಲ್ಲಿ ತನ್ನದೊಂದು ಚುಕ್ಕಿ ಇಟ್ಟಳು. ಆರಿದ ಮೇಲೆ ಕನ್ನಡಕದ ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಬಸ್ ನಿಲ್ದಾಣದಲ್ಲಿ ತಂಗಿಯ ಗಂಡನ ಕೈಗಿಟ್ಟಳು. "ಒಂದು ತಿಂಗಳು ಅವಳಿಗೆ, ಒಂದು ತಿಂಗಳು ನನಗೆ. ಇದು ಇಬ್ಬರದು ಅಂತ ಹೇಳಿ," ಎಂದಳು. ಅವನು ಹಲ್ಲು ಕಿರಿದು, ಕಾರ್ಡನ್ನು ಸೀಟಿನ ಹಿಂದೆ ಜೋಪಾನವಾಗಿ ಇಟ್ಟುಕೊಂಡ.

ಹಳೆಯ ಕಾರ್ಡು ಮತ್ತೆ ತನ್ನ ಜಾಗಕ್ಕೆ ಬಂದು ಗೊರಗೊರ ಎನ್ನತೊಡಗಿತು. ನೆರಳು ಹೋಯಿತು, ಹುಲ್ಲು ಹೋಯಿತು, ನೀರು ಹೋಯಿತು. ಬೂದು ಅಂಗಳದಲ್ಲಿ ಕನ್ನಡಕದಕ್ಕ ಕಾಯುತ್ತ ನಿಂತಳು. ಚುಕ್ಕಿ ಬಾಗಿಲು ತೆರೆದು ಹೊರಗೆ ಬಂದಳು. ನಿಂತಲ್ಲೇ ತಿರುಗಿ ತಿರುಗಿ ಸುತ್ತಲೂ ನೋಡಿದಳು.

"ಅಕ್ಕಾ," ಎಂದಳು ಕೊನೆಗೆ. "ದೋಣಿ ಎಲ್ಲಿ?"

ಕನ್ನಡಕದಕ್ಕ ನಾಲಿಗೆ ಕಚ್ಚಿಕೊಂಡಳು. ಗಾಬರಿಯಲ್ಲಿ ಅದನ್ನು ವಾಪಸು ತರುವುದನ್ನೇ ಮರೆತಿದ್ದಳು.

"ಗುಡ್ಡದ ಹಿಂದೆ ಬಚ್ಚಿಟ್ಟೆ. ನಿನಗೀಗ ಕಾಣುತ್ತಲ್ಲ, ಹೋಗಿ ತಗೊಂಡು ಬಾ."

"ನೀನೂ ಬಾ. ಈಜಿಕೊಂಡು ಹೋಗೋಣ."

"ನನಗೆ ನೀರೇ ಕಾಣಲ್ಲ ಕಣೆ."

"ನಾನು ಹೇಳ್ತೀನಿ ಬಾರೇ. ಕೈ ಕೊಡು. ಈ ಕಡೆ ಕಲ್ಲಿದೆ, ಹುಷಾರು. ಇನ್ನೊಂದು ಹೆಜ್ಜೆ. ತಿಳಿ ಹಸಿರು, ಅಲ್ಲಲ್ಲ, ತಾಳು... ಇವತ್ತು ಬೇರೆ ಥರ ಇದೆ, ಹೇಗೆ ಹೇಳೋದು ಇದನ್ನ..." ಚುಕ್ಕಿ ನಿಂತಳು, ತಡವರಿಸಿದಳು, ಮತ್ತೆ ನೋಡಿದಳು. "ಹಾಂ, ಈಗ ಕಾಲಿಗೆ ನೀರು ಬಂತು."

ಕುರ್ಚಿಯಲ್ಲಿ ಕೂತಿದ್ದ ಕನ್ನಡಕದಕ್ಕ ತನಗೆ ತಿಳಿಯದೆಯೇ ಎರಡೂ ಪಾದಗಳನ್ನು ಮೇಲಕ್ಕೆತ್ತಿಕೊಂಡಳು.