ಮೆಟ್ಟಿಲ ಮೇಲಿನ ಹದಿನೇಳು ಜನ

ಪರದೇಶಕ್ಕೆ ಬಂದು ಹತ್ತು ವರ್ಷವಾದರೂ ಅವನಿಗೆ ಒಂದು ಭ್ರಮೆ ಬಿಟ್ಟಿರಲಿಲ್ಲ. ಕನ್ನಡದಲ್ಲಿ ಏನಂದರೂ ಇಲ್ಲಿ ಯಾರಿಗೂ ತಿಳಿಯುವುದಿಲ್ಲ ಎನ್ನುವ ಭ್ರಮೆ. ಬಸ್ಸಿನಲ್ಲಿ ಎದುರು ಕೂತವರ ಟೋಪಿಯ ಬಗ್ಗೆ ಹೆಂಡತಿಯೊಡನೆ ಗಟ್ಟಿಯಾಗಿಯೇ ಆಡಿಕೊಳ್ಳುತ್ತಿದ್ದ. ಅಂಗಡಿಯವನ ಮುಂದೆಯೇ ನಿಂತು ಅವನ ತಕ್ಕಡಿಯನ್ನು ಬೈಯುತ್ತಿದ್ದ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದ ಹಾಗೆ.

ಅದೇ ಧೈರ್ಯದಲ್ಲಿ ಅಂತರ್ಜಾಲದಲ್ಲಿ ಒಂದು ಪುಟವನ್ನೂ ನಡೆಸುತ್ತಿದ್ದ. ‘ಇವತ್ತು ಸಿಕ್ಕಿದ್ದು’ ಎಂದು ಅದರ ಹೆಸರು. ದಿನಕ್ಕೊಂದು ಸಂಗತಿ. ಇನ್ನೂರು ವರ್ಷದ ಹಿಂದಿನ ನಕ್ಷೆಯಲ್ಲಿ ಕಂಡ ಕೆರೆ, ಈಗ ಅದರ ಮೇಲೆ ಎದ್ದಿರುವ ಬಸ್ ನಿಲ್ದಾಣ. ಹಳೆಯ ಬೀಗಗಳ ಹುಚ್ಚು ಹಿಡಿದ ಯಾರೋ ಒಬ್ಬ ಹಾಕಿದ ವಿಡಿಯೊ. ಗಡಿಯಾರದ ಗೋಪುರ ಎಂಟು ವರ್ಷ ತಪ್ಪು ಗಂಟೆ ಹೊಡೆದ ಕಥೆ. ಓದುಗರು ನಲವತ್ತು ಜನ, ಎಲ್ಲರೂ ಊರಿನವರು. ಅವರಲ್ಲಿ ಅರ್ಧದಷ್ಟು ನೆಂಟರು, ಮಾತು ಬರಬಾರದೆಂದು ಓದುವವರು.

ನಾಲ್ಕು ತಿಂಗಳ ಹಿಂದೆ ಈ ದೇಶ ಯುದ್ಧಕ್ಕೆ ಇಳಿಯಿತು. ಅಂದಿನಿಂದ ಪ್ರತಿ ಸಂಗತಿಯ ಕೆಳಗೂ ಅವನು ತನ್ನದೆರಡು ಸಾಲು ಸೇರಿಸತೊಡಗಿದ. ‘ಯುದ್ಧ ಶುರುಮಾಡುವವರು ಬೇರೆ, ನಡೆದು ಹೋಗುವವರು ಬೇರೆ’ ಎಂದು ಒಂದು ದಿನ. ‘ಗೆದ್ದವರ ಫೋಟೋದಲ್ಲೂ ಕಾಲಿಲ್ಲದವರನ್ನು ಹಿಂದಿನ ಸಾಲಿಗೇ ಹಾಕುತ್ತಾರೆ’ ಎಂದು ಇನ್ನೊಂದು ದಿನ. ಇಂಥ ಮಾತನ್ನು ಬೀದಿಯಲ್ಲಿ ಆಡಿದರೆ ಪೋಲೀಸರು ಬರುವ ಕಾಲ ಅದು. ಆದರೆ ಕನ್ನಡಕ್ಕೆ ಯಾವ ಪೋಲೀಸು?

ಅವನಿಗೆ ಕೆಲಸ ನಗರದ ದಾಖಲೆ ಕಚೇರಿಯಲ್ಲಿ. ಹತ್ತಿಯ ಕೈಗವಸು ತೊಟ್ಟು ಹಳೆಯ ಫೋಟೋಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡುವುದು. ನಿಯಮದ ಪ್ರಕಾರ ಮುಂಬದಿ ಮಾತ್ರ. ಹಿಂಬದಿಯಲ್ಲಿದ್ದ ಸಂಖ್ಯೆಯನ್ನು ಟೈಪ್ ಮಾಡಿದರೆ ಮುಗಿಯಿತು. ಇವನೋ ಪ್ರತಿಯೊಂದನ್ನೂ ಮಗುಚಿ ಹಿಂಬದಿಯನ್ನೂ ಸ್ಕ್ಯಾನ್ ಮಾಡುತ್ತಿದ್ದ. ಯಾರೋ ಬರೆದ ವಿಳಾಸ, ಹಲ್ಲುನೋವಿನ ಮದ್ದು, ‘ಇವಳನ್ನೇ ಮದುವೆಯಾಗುತ್ತೇನೆ’ ಎಂಬ ಪ್ರತಿಜ್ಞೆ, ಎಲ್ಲವೂ ಅಲ್ಲಿರುತ್ತಿದ್ದವು. ಜೊತೆಯವರು ಅವನಿಗೆ ‘ಹಿಂಬದಿ ಸಾಹೇಬ’ ಎಂದೇ ಹೆಸರಿಟ್ಟಿದ್ದರು. ಹೆಂಡತಿ ಕೇಳಿ ನಕ್ಕಿದ್ದಳು. “ಫೋಟೋದ ಹಿಂದೆಮುಂದೆ ಎಲ್ಲಾ ನೋಡ್ತೀರಿ, ಮಾತಾಡೋವಾಗ ಮಾತ್ರ ನೋಡಲ್ಲ.”

ಆ ಶುಕ್ರವಾರ ಕೈಗೆ ಬಂದದ್ದು ಹಳೆಯ ಮಾರುಕಟ್ಟೆಯ ನೆಲಮಾಳಿಗೆಯ ಫೋಟೋ. ಅದು ಈ ನಗರದ ಹೆಮ್ಮೆ. ಹಿಂದಿನ ಯುದ್ಧದಲ್ಲಿ ಬಾಂಬು ಬಿದ್ದ ದಿನ ಅದರೊಳಗೆ ಅಡಗಿದ ಒಬ್ಬರೂ ಸಾಯಲಿಲ್ಲ ಎಂದು ಬಾಗಿಲಲ್ಲಿ ಹಿತ್ತಾಳೆಯ ಫಲಕವಿದೆ. ಶಾಲೆಯ ಮಕ್ಕಳು ಅದನ್ನು ಬಾಯಿಪಾಠ ಮಾಡುತ್ತಾರೆ. ಮುಂದಿನ ಶನಿವಾರ ಈ ಯುದ್ಧಕ್ಕೆಂದು ಅದನ್ನು ಮತ್ತೆ ತೆರೆಯುವವರಿದ್ದರು, ಬ್ಯಾಂಡು ಭಾಷಣಗಳ ಸಮೇತ. ಅವನು ಅಭ್ಯಾಸದಂತೆ ಫೋಟೋ ಮಗುಚಿದ. ಪೆನ್ಸಿಲಿನಲ್ಲಿ, ಒತ್ತಿ ಬರೆದ ಅಕ್ಷರ:

‘ಒಳಗೆ ಊರಿನವರು 412. ಬಾಗಿಲು ಹಾಕಿಕೊಂಡೆವು. ಹೊರಗೆ ಮೆಟ್ಟಿಲ ಮೇಲೆ ಪರದೇಶದ ಕೂಲಿಗಳು 17. ಅವರನ್ನು ಸೇರಿಸಬಾರದೆಂದು ಆದೇಶವಿತ್ತು.’

ಅವನು ಅದನ್ನು ಎರಡು ಸಲ ಓದಿದ. ಫಲಕ ಸುಳ್ಳು ಹೇಳಿರಲಿಲ್ಲ. ಒಳಗಿದ್ದವರು ಯಾರೂ ಸತ್ತಿರಲಿಲ್ಲ, ಅಷ್ಟೇ. ಸಂಜೆ ಮನೆಗೆ ಬಂದವನೇ ಎರಡೂ ಬದಿಯನ್ನು ಪುಟಕ್ಕೆ ಹಾಕಿ, ಹೊಟ್ಟೆಯಲ್ಲಿದ್ದುದನ್ನೆಲ್ಲ ಅಚ್ಚ ಕನ್ನಡದಲ್ಲಿ ಕಾರಿಕೊಂಡ.

ಸೋಮವಾರ ಬೆಳಿಗ್ಗೆ ಕಚೇರಿಯ ಮುಖ್ಯಸ್ಥರು ಕರೆಸಿದರು. ವಯಸ್ಸಾದ, ಮೆದುಮಾತಿನ ಮನುಷ್ಯ. ಹಳೆಯ ಕಾಗದವನ್ನು ಹೇಗೆ ಹಿಡಿಯಬೇಕೆಂದು ಇವನಿಗೆ ಕಲಿಸಿದವರೇ ಅವರು. ಮೇಜಿನ ಮೇಲೆ ಅವನ ಪುಟದ ಪ್ರತಿ ಇತ್ತು. ಪಕ್ಕದಲ್ಲೇ ಇಲ್ಲಿನ ಭಾಷೆಯಲ್ಲಿ ಅದರ ಅನುವಾದ, ನಾಲ್ಕು ತಿಂಗಳದ್ದೂ.

“ನಿಮ್ಮ ಭಾಷೆ ನನಗೆ ಬರಲ್ಲ,” ಎಂದರು. “ಒಂದು ಗುಂಡಿ ಒತ್ತಿದ್ರೆ ಕಂಪ್ಯೂಟರ್ ತಾನೇ ಮಾಡಿಕೊಡುತ್ತೆ. ನಿಮಗೆ ಗೊತ್ತಿರಲಿಲ್ವಾ?”

ಗೊತ್ತಿತ್ತು. ಆ ಗುಂಡಿಯನ್ನು ಒತ್ತಿಯೇ ಅವನು ದಿನಾ ಹತ್ತು ಭಾಷೆಗಳ ಪುಟ ಓದುತ್ತಿದ್ದ. ತನ್ನ ಪುಟದ ಮೇಲೂ ಯಾರಾದರೂ ಅದನ್ನು ಒತ್ತಬಹುದೆಂದು ಮಾತ್ರ ಒಮ್ಮೆಯೂ ಹೊಳೆದಿರಲಿಲ್ಲ.

“ಬರೆದದ್ದು ಸುಳ್ಳಲ್ಲ, ಸರ್.”

“ಸುಳ್ಳು ಅಂತ ನಾನೂ ಅಂದಿಲ್ಲ.” ಮುಖ್ಯಸ್ಥರು ಕನ್ನಡಕ ತೆಗೆದಿಟ್ಟರು. “ಶುಕ್ರವಾರ ನಿಮ್ಮ ವಾಸದ ಪರವಾನಗಿ ಮುಗಿಯುತ್ತೆ. ನಡತೆಯ ಪತ್ರಕ್ಕೆ ನಾನು ಸಹಿ ಹಾಕಬೇಕು. ಈ ಪುಟ ಹೀಗೇ ಇದ್ರೆ ನನ್ನ ಕೈಲಿ ಆಗಲ್ಲ. ತೆಗೆದುಬಿಡಿ, ಗುರುವಾರ ಬಂದು ಪತ್ರ ತಗೊಂಡು ಹೋಗಿ. ಆ ಫೋಟೋ, ಯಾರಿಗೂ ತೋರಿಸದ ಮುಚ್ಚಿದ ಪೆಟ್ಟಿಗೆಗೆ ಹೋಗಲಿ.”

ಪತ್ರವಿಲ್ಲದಿದ್ದರೆ ಹದಿನೈದು ದಿನದಲ್ಲಿ ದೇಶ ಬಿಡಬೇಕು. ಅವನ ಕೆಲಸ, ಬಟ್ಟೆ ಒಗೆಯುವ ಕಾರ್ಖಾನೆಯಲ್ಲಿ ಹೆಂಡತಿಯ ಕೆಲಸ, ಮಗಳ ಶಾಲೆ ಎಲ್ಲವೂ ಆ ಒಂದು ಸಹಿಯ ಮೇಲೆ ನಿಂತಿದ್ದವು.

ಹೆಂಡತಿ ಕೇಳಿದವಳೇ ಸಿಡಿದಳು. ದಿನವಿಡೀ ಇಸ್ತ್ರಿಯ ಹಬೆಯಲ್ಲಿ ಬೆಂದು ಬಂದವಳು, ಚಪ್ಪಲಿಯನ್ನೂ ಬಿಟ್ಟಿರಲಿಲ್ಲ.

“ನಿಮಗ್ಯಾಕೆ ರೀ ಊರ ಉಸಾಬರಿ? ಎಂಬತ್ತು ವರ್ಷದ ಹಿಂದೆ ಸತ್ತೋರಿಗೋಸ್ಕರ ಬದುಕಿರೋರ ಬಾಯಿಗೆ ಮಣ್ಣು ಹಾಕ್ತೀರಾ?”

“ಅವರೂ ನಮ್ಮ ಹಾಗೇ ದುಡಿಯೋಕೆ ಬಂದೋರು ಕಣೇ.”

“ಬಂದಿರಲಿ! ನಾನು ಕಟ್ಟಿಕೊಂಡಿದ್ದು ನಿಮ್ಮನ್ನ, ಅವರನ್ನಲ್ಲ. ತೆಗೀರಿ ಅಂದ್ರೆ ತೆಗೀರಿ.”

ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ, ಅದೇ ಅವನಿಗೆ ಕಷ್ಟವಾದದ್ದು. ಅವಳ ಕಣ್ಣೆದುರೇ ಆ ಬರಹವನ್ನು ಅಳಿಸಿದ. ನಾಲ್ಕು ತಿಂಗಳ ಎರಡೆರಡು ಸಾಲುಗಳನ್ನೂ ಒಂದೊಂದಾಗಿ ಅಳಿಸಿದ. ಕೆರೆ, ಬೀಗ, ಗಡಿಯಾರ ಉಳಿದವು. ಪುಟ ಈಗ ಯಾರ ಗೊಡವೆಗೂ ಹೋಗದ ಸಭ್ಯಸ್ಥನಂತೆ ಕಾಣುತ್ತಿತ್ತು.

ಮಂಗಳವಾರ ಆ ಫೋಟೋವನ್ನು ತಾನೇ ಮುಚ್ಚಿದ ಪೆಟ್ಟಿಗೆಗೆ ಹಾಕಿ ಬಂದ. ಮುಖ್ಯಸ್ಥರು ಓಣಿಯಲ್ಲಿ ಎದುರಾದಾಗ ತಲೆಯಾಡಿಸಿದರು. ಮಧ್ಯಾಹ್ನ ಸೈರನ್ನಿನ ತಾಲೀಮು ನಡೆಯಿತು. ಮೂರು ನಿಮಿಷ ಇಡೀ ಬೀದಿ ನಿಂತಲ್ಲೇ ನಿಂತಿತು. ಅವನ ಕಣ್ಣಿಗೆ ಮಾತ್ರ ಆ ಮೆಟ್ಟಿಲು ಕಟ್ಟಿತ್ತು.

ಬುಧವಾರ ಅವನು ಮನೆಗೆ ಬಂದಾಗ ಹೊರಗೆ ಇನ್ನೂ ಬೆಳಕಿತ್ತು. ಒಂಬತ್ತು ವರ್ಷದ ಮಗಳು ಅಡುಗೆಮನೆಯ ಮೇಜಿನ ಮೇಲೆ ಲೆಕ್ಕ ಬಿಡಿಸುತ್ತಿದ್ದಳು. ಇಲ್ಲೇ ಹುಟ್ಟಿದ ಹುಡುಗಿ. ಕನ್ನಡ ಮನೆಯ ಮಾತಿಗಷ್ಟೇ, ಓದಲು ಬರೆಯಲು ಇಲ್ಲಿನ ಭಾಷೆಯೇ. ಅಮ್ಮ ಪಕ್ಕದಲ್ಲಿ ತರಕಾರಿ ಹೆಚ್ಚುತ್ತಿದ್ದಳು.

“ಅಪ್ಪಾ, ಇವತ್ತು ಎಲ್ಲರಿಗೂ ನೆಲಮಾಳಿಗೆ ಚೀಟಿ ಕೊಟ್ರು. ಸೈರನ್ ಆದ್ರೆ ಯಾರು ಎಲ್ಲಿ ಕೂರಬೇಕು ಅಂತ ನಂಬರ್ ಇದೆ.”

“ನಿಂದು ಎಷ್ಟು?”

“ನಂಗೆ ಕೊಟ್ಟಿಲ್ಲ. ನಮ್ಮ ಕ್ಲಾಸಲ್ಲಿ ಮೂರು ಜನಕ್ಕೆ ಕೊಟ್ಟಿಲ್ಲ. ಪರದೇಶದವರ ಪಟ್ಟಿ ಬೇರೆ ಇದೆ, ಆಮೇಲೆ ಹೇಳ್ತೀವಿ ಅಂದ್ರು ಟೀಚರು.” ಪೆನ್ಸಿಲು ಕಚ್ಚುತ್ತಾ ಅವಳು ಮುಂದುವರಿಸಿದಳು. “ನನ್ನ ಪಕ್ಕದವಳು, ನಂದರಲ್ಲೇ ಇಬ್ಬರೂ ಕೂರೋಣ, ನೀನು ಸಣ್ಣಗಿದ್ದೀಯಲ್ಲಾ ಅಂದಳು.”

ಚಾಕು ನಿಂತಿತು. ಹೆಂಡತಿ ಕೈ ಒರೆಸಿಕೊಂಡಳು. ಬೆರಳುಗಳ ಸಂದಿಯನ್ನೆಲ್ಲ ಒರೆಸಿದಳು, ಮತ್ತೆ ಮೊದಲಿಂದ ಒರೆಸಿದಳು. ಈಗ ಅವನೇನಂದರೂ ‘ನಾನು ಹೇಳಿರಲಿಲ್ವಾ’ ಎಂದ ಹಾಗಾಗುತ್ತಿತ್ತು, ಅಂಥ ಗೆಲುವು ಅವನಿಗೆ ಬೇಕಿರಲಿಲ್ಲ.

ಅವನು ಅಲ್ಲಿಂದಲೇ ಮುಖ್ಯಸ್ಥರಿಗೆ ಫೋನು ಮಾಡಿದ. “ಸರ್, ಶಾಲೆಯಲ್ಲಿ ನನ್ನ ಮಗಳಿಗೆ ಚೀಟಿ ಕೊಟ್ಟಿಲ್ಲ. ಆ ಬಾಗಿಲು ಈ ಸಲ ಎಲ್ಲರಿಗೂ ತೆರೆದಿರುತ್ತಾ?”

“ಅದು ನನ್ನ ಇಲಾಖೆ ಅಲ್ಲ,” ಎಂದರು ಮುಖ್ಯಸ್ಥರು. “ನಾಳೆ ಬನ್ನಿ. ಪತ್ರ ರೆಡಿ ಇದೆ.”

ಫೋನು ಇಟ್ಟು ಅವನು ಹೆಂಡತಿಯತ್ತ ನೋಡಿದ. ಎರಡೂ ಕಡೆಯ ಮಾತನ್ನು ಅವಳು ಅವನ ಮುಖದಲ್ಲೇ ಓದಿಕೊಂಡಿದ್ದಳು.

“ಹಾಕಿ,” ಅಂದಳು.

“ಏನು?”

“ತೆಗೆದದ್ದನ್ನ ಮತ್ತೆ ಹಾಕಿ. ನಮ್ಮ ಭಾಷೇಲಿ ಬೇಡ. ಕಳ್ಳರ ಹಾಗೆ ಕದ್ದುಮುಚ್ಚಿ ಬೈದಿದ್ದು ಸಾಕು. ಅವರ ಭಾಷೇಲೇ ಬರೀರಿ, ಕೆಳಗೆ ನಿಮ್ಮ ಹೆಸರೂ ಹಾಕಿ.”

“ಪತ್ರ ಸಿಗಲ್ಲ ಕಣೇ. ಹದಿನೈದು ದಿನದಲ್ಲಿ ಗಂಟುಮೂಟೆ ಕಟ್ಟಬೇಕು.”

“ಕಟ್ಟೋಣ. ಇಲ್ಲೇ ಇದ್ದು ಇವಳನ್ನ ಆ ಮೆಟ್ಟಿಲ ಮೇಲೆ ನಿಲ್ಲಿಸಲಾ? ಇವಳ ಕ್ಲಾಸಲ್ಲೇ ಇನ್ನಿಬ್ಬರು ಮಕ್ಕಳಿದ್ದಾರೆ. ಅವರ ಅಪ್ಪ ಅಮ್ಮಂಗೆ ಗೊತ್ತಾಗಲಿ, ಶನಿವಾರಕ್ಕೆ ಮುಂಚೆ.”

ಅವನು ಬರೆದ. ಇಲ್ಲಿನ ಭಾಷೆಯಲ್ಲಿ ಅವನು ಅರ್ಜಿಗಳ ಹೊರತು ಏನನ್ನೂ ಬರೆದವನಲ್ಲ. ಫೋಟೋದ ಎರಡೂ ಬದಿ, ಹಿಂಬದಿಯಲ್ಲಿದ್ದ ನಾಲ್ಕು ಸಾಲು, ಅದರ ಕೆಳಗೆ ತನ್ನ ಮಾತು: ‘ನನ್ನ ಮಗಳಿಗೆ ಒಂಬತ್ತು ವರ್ಷ. ಅವಳು ಈ ಊರಿನಲ್ಲೇ ಹುಟ್ಟಿದಳು. ಅವಳಿಗೆ ಚೀಟಿ ಕೊಟ್ಟಿಲ್ಲ.’ ಯುದ್ಧದ ಬಗ್ಗೆ ಬೇರೇನೂ ಬರೆಯಬೇಕೆನ್ನಿಸಲಿಲ್ಲ.

ತಪ್ಪಿದ್ದರೆ ತಿದ್ದಲೆಂದು ಮಗಳನ್ನು ಕರೆದ. ಬೇರೆ ದಾರಿಯಿರಲಿಲ್ಲ, ಮನೆಯಲ್ಲಿ ಆ ಭಾಷೆ ಸರಿಯಾಗಿ ಬರುತ್ತಿದ್ದದ್ದು ಅವಳಿಗೊಬ್ಬಳಿಗೇ. ಅವಳು ಬೆರಳಿಟ್ಟು ಓದಿದಳು, ಮೂರು ಕಡೆ ತಿದ್ದಿದಳು. ಆಮೇಲೆ ಬೆರಳು ಹದಿನೇಳರ ಮೇಲೆ ನಿಂತಿತು.

“ಅಪ್ಪಾ, ಇವರು ಬಾಗಿಲು ತಟ್ಟಿದ್ರಾ?”

“ತಟ್ಟಿರ್ತಾರೆ, ಮಗಳೇ.”

“ಒಳಗಿದ್ದೋರಿಗೆ ಕೇಳಿಸಲಿಲ್ವಾ?”

ಹೆಂಡತಿ ಬಂದು ಮಗಳ ತಲೆಯ ಮೇಲೆ ಕೈಯಿಟ್ಟಳು.

“ಕೇಳಿಸ್ತು,” ಅಂದಳು. “ಕೇಳಿಸಿದ್ದಕ್ಕೇ ಯಾರೋ ಬರೆದಿಟ್ಟಿದ್ದು.”

ಅವನು ಪುಟಕ್ಕೆ ಹಾಕುವ ಗುಂಡಿ ಒತ್ತಿದ. ಹೆಂಡತಿ ಕುರ್ಚಿ ಹತ್ತಿ ಅಟ್ಟದ ಮೇಲಿನ ಪೆಟ್ಟಿಗೆಗಳನ್ನು ಇಳಿಸತೊಡಗಿದಳು.