ಕಡಲ ಮೇಲೆ ಹೊರಿಸಿದ ತಪ್ಪು

ಹೇರಿಮ್‌ಗೆ ಎರಡನೆಯ ಸಲವೂ ಗರ್ಭ ಇಳಿದುಹೋದಾಗ ಅವಳ ಅತ್ತೆ ಮಾಲ್ಸುನ್, ಸೊಸೆ ಚಿಪ್ಪು ಹೆಕ್ಕಲು ಕಡಲಲ್ಲಿ ಮುಳುಗುವಾಗ ತೊಡುತ್ತಿದ್ದ ರಬ್ಬರ್ ಬಟ್ಟೆಯನ್ನು ಪೆಟ್ಟಿಗೆಗೆ ಹಾಕಿ ಬೀಗ ಜಡಿದಳು. "ತಣ್ಣೀರಿಗೆ ಇಳೀತಾಳಲ್ಲ, ಅದಕ್ಕೇ ನಿಲ್ತಿಲ್ವಂತೆ. ಡಾಕ್ಟ್ರೇ ಅಂದ್ರು" ಎಂದು ಮಗ ಕಿಛಲ್ ಹೇಳಿದ್ದ. ಡಾಕ್ಟರ ಮಾತೆಂದು ಮಾಲ್ಸುನ್ ನಂಬಿದಳು. ಒಂದೂವರೆ ವರ್ಷ ಹೇರಿಮ್ ದಡದಲ್ಲೇ ಕೂತು ಬೇರೆಯವರು ತಂದ ಚಿಪ್ಪು ಬಿಡಿಸಿದಳು. ಅತ್ತೆ ಕಾಯಿಸಿಕೊಟ್ಟ ಮಾಚಿಪತ್ರೆಯ ಕಷಾಯವನ್ನು ಮೂಗು ಹಿಡಿದು ಕುಡಿದಳು.

ಹೇರಿಮ್‌ಳನ್ನು ಮತ್ತೆ ಡಾಕ್ಟರಿಗೆ ತೋರಿಸಬೇಕಿದ್ದ ದಿನ ಕಿಛಲ್ ಕಿತ್ತಳೆ ತೋಟದ ಕೆಲಸವಿದೆಯೆಂದು ತಪ್ಪಿಸಿಕೊಂಡ. ಸೊಸೆಯ ಜೊತೆ ದ್ವೀಪದ ದೊಡ್ಡ ಊರಾದ ಜೆಜು ಪಟ್ಟಣದ ಆಸ್ಪತ್ರೆಗೆ ಮಾಲ್ಸುನ್‌ಳೇ ಹೋದಳು.

ಡಾಕ್ಟರಮ್ಮ ಕಡತ ತಿರುವಿ, "ನಿಮ್ಮ ಯಜಮಾನ್ರು ಮತ್ತೆ ಪರೀಕ್ಷೆ ಮಾಡಿಸಿದ್ರಾ?" ಎಂದು ಕೇಳಿದಳು.

"ಯಾವ ಪರೀಕ್ಷೆ?" ಎಂದಳು ಹೇರಿಮ್.

"ಎರಡನೇದು ಇಳಿದುಹೋದಾಗ ವೀರ್ಯದ್ದು ಮಾಡಿದ್ವಲ್ಲ. ನಿಮಗೂ ತೋರಿಸ್ತೀನಿ ಅಂತ ವರದಿ ತಗೊಂಡು ಹೋಗಿದ್ರು. ಅವರಿಗೆ ಐವತ್ನಾಲ್ಕು. ವಯಸ್ಸಾದ ಹಾಗೆ ವೀರ್ಯಾಣು ಕಮ್ಮಿ ಆಗತ್ತೆ, ಚಲನೆ ಕುಗ್ಗತ್ತೆ, ಅದರೊಳಗಿನ ಡಿಎನ್ಎ ಎಳೆಗಳು ಮುರಿದಿರ್ತವೆ. ಗರ್ಭ ಕಟ್ಟಿದ್ರೂ ನಿಲ್ಲೋದು ಕಷ್ಟ."

"ಎಪ್ಪತ್ತರಲ್ಲೂ ಗಂಡಸರಿಗೆ ಮಕ್ಕಳಾಗಲ್ವಾ?" ಮಾಲ್ಸುನ್ ತಡೆಯಲಾರದೆ ಬಾಯಿ ಹಾಕಿದಳು.

"ಕೆಲವರಿಗೆ ಆಗತ್ತಜ್ಜಿ. ಎಲ್ಲರಿಗೂ ಅಲ್ಲ. ಇದೊಂದೇ ಕಾರಣ ಅಂತಾನೂ ನಾನು ಹೇಳಲ್ಲ."

"ಮತ್ತೆ ತಣ್ಣೀರು?"

"ಹಾಗಂತ ಯಾರು ಹೇಳಿದ್ರು?"

ಊರು ಬಂದು ಬಸ್ಸಿನಿಂದ ಇಳಿದ ಮೇಲೆ ಹೇರಿಮ್ ಅತ್ತೆಯ ಮುಂದೆ ಕೈ ಚಾಚಿದಳು. "ಬೀಗದ ಕೈ ಕೊಡಿ."

"ಅವನ ಬಾಯಿಗೆ ಮಣ್ಣು ಹಾಕ! ಇರು, ಅವನನ್ನ..."

"ಸುಳ್ಳು ಹೇಳಿದ್ದು ಅವರು ಅತ್ತೆ. ಬೀಗ ಹಾಕಿದ್ದು ನೀವು."

ಮಾಲ್ಸುನ್ ಸೊಂಟದಿಂದ ಬೀಗದ ಕೈ ಬಿಚ್ಚಿ ಕೊಟ್ಟು ತೋಟದತ್ತ ಹೊರಟಳು. ಹದಿನಾಲ್ಕನೇ ವಯಸ್ಸಿನಿಂದ ಆ ಕಡಲಿಗೆ ಇಳಿದವಳು ಅವಳು. ಇದೇ ಮಗನನ್ನು ಹೊಟ್ಟೆಯಲ್ಲಿಟ್ಟುಕೊಂಡು ಮಾಗಿಯ ಚಳಿಯಲ್ಲಿ ಬರೀ ಹತ್ತಿಬಟ್ಟೆಯಲ್ಲಿ ಮುಳುಗಿದ್ದಳು. ಬೆಳಗ್ಗೆ ನೀರಿನಿಂದೆದ್ದು ಬಂದು ಮಧ್ಯಾಹ್ನ ಹೆತ್ತಿದ್ದಳು. ಹಾಗಿದ್ದೂ ನಂಬಿದ್ದಳು! ತನ್ನ ಬಸಿರಿಗಿಂತ ಮಗನ ನಾಲಿಗೆ ದೊಡ್ಡದಾಯಿತೇ?

ಕಿಛಲ್ ಕಿತ್ತಳೆ ತುಂಬುತ್ತಿದ್ದ. ಅವಳು ಬುಟ್ಟಿಯನ್ನು ಕಾಲಿನಿಂದ ಒದ್ದಳು.

"ವರದಿ ಎಲ್ಲೋ?"

ಅವನು ಚೆಲ್ಲಿದ ಹಣ್ಣು ಹೆಕ್ಕತೊಡಗಿದ. "ಅವ್ವಾ... ನಾಚಿಕೆ ಆಯ್ತು."

"ನಿನ್ನ ನಾಚಿಕೆ ಹೊರೋಕೆ ಅವಳ ಹೊಟ್ಟೆ ಬೇಕಿತ್ತೇನೋ? ಎರಡು ಕಳಕೊಂಡು ಅಳ್ತಿದ್ದವಳ ಎದುರು ಕೂತು ಅನ್ನ ಹೇಗೆ ತಿಂದ್ಯೋ? ವಯಸ್ಸಾಗೋದು ತಪ್ಪಲ್ಲ, ಮೂಳ! ನನಗಾಗಿಲ್ವಾ? ನಡಿ!"

ಕಡಲಿಗಿಳಿಯುವ ಹೆಂಗಸರು ಬೆಂಕಿ ಕಾಯಿಸಿಕೊಳ್ಳುವ ಕಲ್ಲುಗೋಡೆಯ ಆವರಣದೊಳಕ್ಕೆ ಗಂಡಸರು ಕಾಲಿಡುವ ವಾಡಿಕೆಯಿಲ್ಲ. ಮಾಲ್ಸುನ್ ಮಗನನ್ನು ತೋಳು ಹಿಡಿದು ಒಳಕ್ಕೆ ನೂಕಿದಳು. ಎಂಟು ಹೆಂಗಸರು, ಹೇರಿಮ್ ಸೇರಿ, ತಲೆಯೆತ್ತಿದರು.

"ತಪ್ಪು ನೀರಿಂದಲ್ಲ," ಎಂದ ಕಿಛಲ್, ನೆಲ ನೋಡುತ್ತ. "ಅವಳದ್ದೂ ಅಲ್ಲ. ತೊಂದ್ರೆ ನನ್ನದು. ಗೊತ್ತಿದ್ದೂ ಮುಚ್ಚಿಟ್ಟೆ."

"ಹೆಂಗಸರಿಗೆ ಮಾತ್ರ ಮುಪ್ಪು ಬರತ್ತೆ ಅಂದ್ಕೊಂಡಿದ್ಯೇನೋ ಮಗಾ?" ಎಂದಳು ಒಬ್ಬ ಮುದುಕಿ. ಉಳಿದವರು ನಕ್ಕರು. ಹೇರಿಮ್ ನಗಲಿಲ್ಲ.

"ಇನ್ನು ಮಗು ಬೇಕೋ ಬೇಡವೋ ನಾನು ಹೇಳ್ತೀನಿ," ಎಂದಳು ಗಂಡನಿಗೆ. "ಅಲ್ಲೀವರೆಗೆ ನನ್ನನ್ನ ಏನೂ ಕೇಳಬೇಡಿ."

ಮರುದಿನವೇ ಅವಳು ನೀರಿಗಿಳಿದಳು. ಬಂದರಿನ ಬಳಿ ಒಂದು ಕೋಣೆ ಹಿಡಿದು ಅಲ್ಲೇ ಉಳಿದಳು. ಆ ವಾರವೆಲ್ಲ ಮಾಲ್ಸುನ್ ಮಗನಿಗೆ ಅನ್ನ ಬಡಿಸಲಿಲ್ಲ. ಒಂದು ಬೆಳಗ್ಗೆ ದಡದಲ್ಲಿ ಸೊಸೆಯನ್ನು ತಡೆದು ನಿಲ್ಲಿಸಿ, "ನನ್ನದೂ ತಪ್ಪಾಯ್ತು ಕಣೇ" ಎಂದಳು.

"ಹೌದು, ಅತ್ತೆ," ಎಂದು ಹೇಳಿ ಹೇರಿಮ್ ಬಂಡೆಗಳ ಮೇಲಿಂದ ನೀರಿನತ್ತ ನಡೆದಳು.