ಬಟ್ಟೆ ಬದಲಿಸುವ ಕೋಣೆ

ಗೋಡೆಗೂ ಕಿವಿ ಇರುತ್ತದೆ ಅಂತ ಹಿರಿಯರು ಹೇಳಿದ್ದರು, ಸರಿ. ಕಣ್ಣೂ ಮೂಡುತ್ತದೆ ಅಂತ ಯಾರು ಕಂಡಿದ್ದರು? ಕೋಟು ಹೊಲಿಯುವ ಆ ಕಾರ್ಖಾನೆಯಲ್ಲಿ, ಹೆಂಗಸರು ಬಟ್ಟೆ ಬದಲಿಸುವ ಕೋಣೆಯ ಮೂಲೆಗೆ, ಟ್ಯೂಬ್‌ಲೈಟಿನ ಪಕ್ಕಕ್ಕೇ ಕ್ಯಾಮೆರಾ ಬಂದು ಕೂತಿತು. ಕತ್ತರಿಗಳು ಕಾಣೆಯಾಗುತ್ತಿವೆಯಂತೆ! ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅಂತಾರೆ. ಇಲ್ಲಿ ಕತ್ತರಿಗೆ ಹೋಯಿತು.

ಉಳಿದವರು ಬೈದುಕೊಂಡು, ಗೋಡೆಗೆ ತಿರುಗಿ ಅಂಗಿ ಬದಲಿಸಿದರು. ಗುಂಡಿಯಕ್ಕ ಮಾತ್ರ ಅಂಗಿಯ ಗುಂಡಿ ಬಿಚ್ಚದೆ ಹಾಗೇ ಹೊರಗೆ ಬಂದಳು. ಕೋಟಿಗೆ ಗುಂಡಿ ಹಚ್ಚುವವರಲ್ಲಿ ಅವಳೇ ಹಿರಿಯಳು, ಅದಕ್ಕೇ ಆ ಹೆಸರು. ಹೋದ ವರ್ಷ ಕಾಯಿಲೆ ಬಂದು ಅವಳ ಎಡ ಎದೆಯನ್ನು ಕೊಯ್ದು ತೆಗೆದಿದ್ದರು. ಆ ಜಾಗಕ್ಕೆ ಹತ್ತಿಯ ಪುಟ್ಟ ದಿಂಬು ಇಟ್ಟುಕೊಳ್ಳುತ್ತಿದ್ದಳು. ಇಸ್ತ್ರಿಯ ಹಬೆಗೆ ಮಧ್ಯಾಹ್ನದೊಳಗೆ ಅದು ಬೆವರಿನಲ್ಲಿ ತೊಯ್ದುಹೋಗುತ್ತಿತ್ತು, ಊಟದ ಹೊತ್ತಿಗೆ ಬೇರೆಯದು ಇಟ್ಟುಕೊಳ್ಳಬೇಕು. ಜೊತೆಗೇ ಕೆಲಸ ಮಾಡುವ ನಾದಿನಿ ಕೋಟೊಂದನ್ನು ಹರಡಿ ಹಿಡಿದು ಮರೆಗೆ ನಿಲ್ಲುತ್ತಿದ್ದಳು. ಗುಟ್ಟು ಗೊತ್ತಿದ್ದದ್ದು ಅವಳೊಬ್ಬಳಿಗೇ. ಮೇಲಿನಿಂದ ನೋಡುವ ಕಣ್ಣಿಗೆ ಎಂಥ ಮರೆ? ಶೌಚಾಲಯಕ್ಕೆ ಹೋಗೋಣವೆಂದರೆ ಅದರ ಬಾಗಿಲಿಗೆ ಚಿಲಕವೇ ಇಲ್ಲ. ಕ್ಯಾಮೆರಾ ಕಂಡದ್ದೆಲ್ಲ ಮಾಲೀಕನ ಮೇಜಿನ ಮೇಲಿನ ಟಿ.ವಿ.ಯಲ್ಲಿ ಮೂಡುತ್ತಿತ್ತು, ಅಲ್ಲಿಗೆ ಚಹಾ ಕುಡಿಯಲು ಬಂದವರೆಲ್ಲ ಅದನ್ನು ನೋಡಬಹುದಿತ್ತು.

"ಸುಮ್ನಿದ್ರೆ ತಲೆ ಮೇಲೆ ಕೂರ್ತಾರೆ ಅತ್ತಿಗೆ," ಅಂದಳು ನಾದಿನಿ. "ಕಾನೂನು ಅಂತ ಒಂದಿದೆಯಲ್ಲ, ನಡೀರಿ."

ಕಾರ್ಮಿಕರ ಕಚೇರಿಯ ಅಧಿಕಾರಿ ಒಳ್ಳೆಯ ಮನುಷ್ಯನೇ. ಪೂರ್ತಿ ಕೇಳಿಸಿಕೊಂಡ. "ನೋಡಮ್ಮ, ಕೆಲಸ ಮಾಡೋ ಜಾಗದಲ್ಲಿ ಕ್ಯಾಮೆರಾ ಇಟ್ರೆ ನಾನೇನೂ ಮಾಡೋಕಾಗಲ್ಲ. ಬಟ್ಟೆ ಬದಲಿಸೋ ಕೋಣೇಲಿ ಮಾತ್ರ ಇಡೋ ಹಾಗೇ ಇಲ್ಲ. ನಾನೇ ಬಂದು ತೆಗೆಸ್ತೀನಿ."

ದಾರಿಯುದ್ದಕ್ಕೂ ನಾದಿನಿಯ ಬಾಯಿ ನಿಲ್ಲಲಿಲ್ಲ. "ಅದನ್ನ ಕಿತ್ತು ಧಣಿ ತಲೆ ಮೇಲೇ ಹಾಕ್ಸೋಣ ಅತ್ತಿಗೆ! ದಿನಕ್ಕೆ ಎಷ್ಟು ಸಲ ಆಕಳಿಸ್ತಾನೋ ನಾವೂ ನೋಡೋಣ." ಗುಂಡಿಯಕ್ಕ ಎಷ್ಟೋ ದಿನಗಳ ಮೇಲೆ ನಕ್ಕಳು.

ಅಧಿಕಾರಿ ಹೇಳಿದಂತೆ ಬಂದ. ಮಾಲೀಕನ ಕೋಣೆಯಲ್ಲಿ ಹೆಂಗಸರನ್ನೆಲ್ಲ ನಿಲ್ಲಿಸಿ, ಯಾರಿಗೆ ಏನು ತೊಂದರೆ ಅಂತ ಕೇಳಿದ. ಒಬ್ಬೊಬ್ಬರೂ ಇನ್ನೊಬ್ಬರ ಬೆನ್ನ ಹಿಂದೆ ಸರಿದರು. ಗುಂಡಿಯಕ್ಕನೇ ಮುಂದೆ ಬಂದಳು.

"ನನಗೆ ಒಂದು ಕಡೆ ಎದೆ ಇಲ್ಲ ಸಾಹೇಬ್ರೆ. ಅದನ್ನ ಮರೆಮಾಡ್ಕೊಳ್ಳೋಕೆ ನನಗಿರೋದು ಆ ಕೋಣೆ ಒಂದೇ. ಈಗ ಇವರೆಲ್ಲ ನೋಡ್ತಿದ್ದಾರೆ."

ಹೇಳಿಬಿಟ್ಟಳು. ಯಾವಾಗಲೂ ಕೈಗಡಿಯಾರ ನೋಡುತ್ತಲೇ ಇರುವುದರಿಂದ 'ಗಡಿಯಾರ' ಅಂತಲೇ ಹೆಸರಾದ ಮೇಲ್ವಿಚಾರಕ ಕೂಡ ತಲೆ ತಗ್ಗಿಸಿದ. ಅವಳಿಗೆ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು.

ಮಾಲೀಕ ಕೂಗಾಡಲಿಲ್ಲ. "ಅಯ್ಯೋ ಪಾಪ," ಅಂದ. ಆಮೇಲೆ ಟಿ.ವಿ. ಹಚ್ಚಿ ಹಿಂದಿನ ದಿನಗಳದ್ದನ್ನು ತೋರಿಸಿದ. ಅದೇ ಕೋಣೆ, ಊಟದ ಹೊತ್ತು. ಹೆಂಗಸರೆಲ್ಲ ನೆಲದ ಮೇಲೆ ಸಾಲಾಗಿ ಕೂತು, ತೊಡೆಯ ಮೇಲೆ ಕೋಟು ಹರಡಿಕೊಂಡು, ಗುಂಡಿ ಹಚ್ಚುತ್ತಿದ್ದಾರೆ.

"ಇದು ಕೆಲಸ ಅಲ್ವಾ ಸಾಹೇಬ್ರೆ? ಮಾಡಿ ಅಂತ ನಾನು ಹೇಳಿಲ್ಲ. ಕೇಳಿ ಬೇಕಾದ್ರೆ."

ಹೌದು, ಅವನು ಹೇಳಿರಲಿಲ್ಲ. ಹೇಳಿದ್ದವಳು ಗುಂಡಿಯಕ್ಕ. ಹೊಸ ಹುಡುಗಿಯರು ಕೈ ನಿಧಾನವೆಂದು ಬೈಸಿಕೊಂಡು ಅಳುತ್ತಿದ್ದಾಗ, "ಬನ್ರೇ, ಉಂಡ ಮೇಲೆ ನಾಲ್ಕು ಕೈ ಸೇರಿಸಿದ್ರೆ ಮುಗಿದೇ ಹೋಗುತ್ತೆ" ಅಂತ ಅವರ ಕೋಟುಗಳನ್ನು ಒಳಗೆ ತರಿಸಿದವಳು ಅವಳೇ. ಅದೇ ರೂಢಿಯಾಗಿತ್ತು. ಕೈ ಕೆಸರಾದರೆ ಬಾಯಿ ಮೊಸರಂತೆ! ಥೂ, ಯಾರ ಬಾಯಿಗೆ?

ಅಧಿಕಾರಿ ಕನ್ನಡಕ ತೆಗೆದು ಒರೆಸಿದ, ಮತ್ತೆ ಹಾಕಿಕೊಂಡ. "ಕೆಲಸ ನಡೀತಿದ್ರೆ ಅದು ಕೆಲಸದ ಜಾಗಾನೇ ಆಗಿಬಿಡುತ್ತಮ್ಮ. ಒಂದು ತಿಂಗಳು ಅಲ್ಲಿ ಯಾರೂ ಸೂಜಿ ಮುಟ್ಟಬೇಡಿ. ಆಮೇಲೆ ಬರ್ತೀನಿ, ನೋಡೋಣ."

ಮಾರನೆಯ ದಿನ ಉಂಡು ಕೈತೊಳೆದು ಎಲ್ಲರೂ ಬರಿಗೈಯಲ್ಲಿ ಕೂತರು. ಗಡಿಯಾರ ಬಂದ. ಕೋಟುಗಳ ದೊಡ್ಡ ಗಂಟೊಂದನ್ನು ಹೊಸ್ತಿಲ ಒಳಗೆ ಇಟ್ಟ.

"ಇಲ್ಲಿ ಮಾಡಿ ಅಂತ ಹೇಳ್ತಿಲ್ಲ. ಸಂಜೆ ಮುಗಿಯೋವರೆಗೂ ಯಾರೂ ಮನೆಗೆ ಹೋಗೋ ಹಾಗಿಲ್ಲ, ಅಷ್ಟೇ," ಅಂದು, ಊಟದ ಹೊತ್ತಿಗೆ ಎಂದಿನಂತೆ ಹೊಲಿಗೆ ಹಾಲಿಗೆ ಬೀಗ ಹಾಕಿ ಹೊರಟುಹೋದ.

ಎಲ್ಲರೂ ಗಂಟನ್ನು ನೋಡಿದರು, ಮೇಲಿನ ಕ್ಯಾಮೆರಾವನ್ನು ನೋಡಿದರು. ಆಮೇಲೆ ಹೊಸ ಹುಡುಗಿಯೊಬ್ಬಳು ಮೆಲ್ಲಗೆ ಒಂದು ಕೋಟು ಎಳೆದುಕೊಂಡಳು. ಅವಳ ಹಿಂದೆ ಇನ್ನೊಬ್ಬಳು. ಬರಬರುತ್ತಾ ಗಂಟು ಕರಗಿತು. ನಾದಿನಿ ಸೂಜಿಗೆ ದಾರ ಪೋಣಿಸಿದಳು, ತಲೆ ಮಾತ್ರ ಎತ್ತಲಿಲ್ಲ.

"ಮಗು ಮನೇಲಿ ಒಂದೇ ಇರುತ್ತೆ ಅತ್ತಿಗೆ. ಕತ್ತಲಾದ್ರೆ ಹೆದರುತ್ತೆ."

"ಗೊತ್ತು ಕಣೇ. ಹೊಲಿ," ಅಂದಳು ಗುಂಡಿಯಕ್ಕ. ಸಿಟ್ಟು ಮಾಡೋಣವೆಂದರೆ ಯಾರ ಮೇಲೆ? ಇವರಿಗೆ ಈ ಪಾಠ ಹೇಳಿಕೊಟ್ಟವಳೇ ತಾನು.

ದಿಂಬು ತೊಯ್ದು ಮೈಗೆ ಅಂಟಿತ್ತು. ಅವಳು ಎದ್ದಳು. ಮರೆಗೆ ನಿಲ್ಲು ಅಂತ ಯಾರನ್ನೂ ಕರೆಯಲಿಲ್ಲ, ಗೋಡೆಗೂ ತಿರುಗಲಿಲ್ಲ. ಅಂಗಿಯ ಗುಂಡಿ ಬಿಚ್ಚಿ, ಒದ್ದೆ ದಿಂಬು ತೆಗೆದು, ಒಣಗಿದ್ದನ್ನು ಇಟ್ಟುಕೊಂಡು, ಮತ್ತೆ ಗುಂಡಿ ಹಾಕಿಕೊಂಡಳು. ಆಮೇಲೆ ಗಂಟಿನಲ್ಲಿ ಉಳಿದಿದ್ದ ಕೊನೆಯ ಕೋಟು ಎತ್ತಿಕೊಂಡು ಕೂತು, ನಾದಿನಿಯ ಹತ್ತಿರ ದಾರ ಕೇಳಿದಳು.